ಎದುರಂಗಡಿಯೂ ಬಾಗಿಲು ಹಾಕಿದ ಊರಿನಲ್ಲಿ

ನಾವು ವಿಯೆನ್ನಾದಲ್ಲಿ ಇಳಿದ ದಿನ ಭಾನುವಾರವಾಗಿತ್ತು. ಟಿಕೆಟ್ ಕಾಯ್ದಿರಿಸುವಾಗ ವಾರ ಯಾವುದೆಂದು ಇಬ್ಬರೂ ಯೋಚಿಸಿರಲಿಲ್ಲ. ಹತ್ತೊಂಬತ್ತು ವರ್ಷ ದುಬೈಯಲ್ಲಿ ಸಂಸಾರ ಮಾಡಿದವರಿಗೆ ಅಂಗಡಿ ತೆರೆದಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ನಮ್ಮ ಕಟ್ಟಡದ ಕೆಳಗೇ ಒಂದು ಗ್ರೋಸರಿ ಇದೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಮಲಯಾಳಿ ಹುಡುಗ ಒಂದು ಕಟ್ಟು ಕರಿಬೇವು ಹಿಡಿದುಕೊಂಡು ಹನ್ನೊಂದನೆಯ ಮಹಡಿಗೆ ಬಂದು ಗಂಟೆ ಒತ್ತುತ್ತಾನೆ. ಅವನಿಗೆ ರಜೆ ಯಾವ ದಿನ ಎಂದು ನಾನು ಇದುವರೆಗೆ ಕೇಳಿಲ್ಲ. ಕೇಳಬೇಕಿತ್ತು ಎಂದು ಅನ್ನಿಸಿದ್ದು ವಿಯೆನ್ನಾದಲ್ಲಿ, ಒಂದು ಡಬ್ಬಿ ಮೊಸರಿಗಾಗಿ ಬೀದಿ ಬೀದಿ ಅಲೆದ ಮೇಲೆ.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ ಹೊರಟ ಪ್ರವಾಸ ಅದು. ವಿಮಾನ ನಿಲ್ದಾಣದಿಂದ ಎಸ್‌7 ರೈಲು ಹಿಡಿದು ಪ್ರಾಟರ್‌ಸ್ಟರ್ನ್ ನಿಲ್ದಾಣದಲ್ಲಿ ಇಳಿದೆವು. ಅಲ್ಲಿಂದ ಹತ್ತು ನಿಮಿಷ ನಡೆದರೆ ನಾವು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದ ಮನೆ. ನನ್ನ ಹೆಂಡತಿಗೆ ಹೋಟೆಲಿನ ಕೋಣೆ ಎಂದರೆ ಆಗದು. ಒಲೆ ಇರಲೇಬೇಕು. ಪೆಟ್ಟಿಗೆಯಲ್ಲಿ ಖಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹುರಿದ ರವೆ ಎಲ್ಲವೂ ಇದ್ದವು. ಇಲ್ಲದ್ದು ಮೊಸರು. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ ಎಂದು ಮೊದಲೇ ಓದಿಕೊಂಡಿದ್ದಳು. ಹೆಪ್ಪು ಹಾಕಲು ಒಂದು ಚಮಚ ಮೊಸರನ್ನೂ ತಂದಿರಲಿಲ್ಲ.

"ಮೊಸರು, ಎರಡು ಉಳ್ಳಾಗಡ್ಡಿ, ಒಂದು ಲೀಟರ್ ಹಾಲು ತಂದುಬಿಡಿ. ಅಷ್ಟರಲ್ಲಿ ನಾನು ಸ್ನಾನ ಮುಗಿಸುತ್ತೇನೆ" ಎಂದಳು. ನಾನು ಕೆಳಗಿಳಿದೆ. ಮೂಲೆಯ ಅಂಗಡಿಯ ಗಾಜಿನ ಬಾಗಿಲು ಹತ್ತಿರ ಹೋದರೂ ತೆರೆದುಕೊಳ್ಳಲಿಲ್ಲ. ಒಳಗೆ ಕತ್ತಲು. ಬಾಗಿಲ ಮೇಲೆ ಸೋಮವಾರದಿಂದ ಶುಕ್ರವಾರದವರೆಗಿನ ಸಮಯ ಬರೆದಿತ್ತು, ಅದರ ಕೆಳಗೆ ಶನಿವಾರದ ಸಮಯ. ಭಾನುವಾರದ ಹೆಸರೇ ಇರಲಿಲ್ಲ. ರಜೆ ಎಂದು ಹೇಳುವ ಅಗತ್ಯವೂ ಅವರಿಗೆ ಕಂಡಿರಲಿಲ್ಲ. ಮುಂದಿನ ಅಂಗಡಿಯೂ ಹಾಗೆಯೇ ಇತ್ತು, ಅದರಾಚೆಯದೂ ಹಾಗೆಯೇ. ನಾಲ್ಕು ಬೀದಿ ಸುತ್ತಿ ಮತ್ತೆ ಅದೇ ಮೂಲೆಗೆ ಬಂದು ನಿಂತೆ. ಸಣ್ಣ ನಾಯಿಯನ್ನು ಹಿಡಿದುಕೊಂಡು ಬರುತ್ತಿದ್ದ ಒಬ್ಬ ಅಜ್ಜಿ ನನ್ನ ಕೈಯಲ್ಲಿದ್ದ ಖಾಲಿ ಚೀಲ ನೋಡಿ ನಿಂತರು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಒಂದೇ ಮಾತು ಹೇಳಿದರು: "ಸೊನ್‌ಟಾಗ್." ಭಾನುವಾರ. ಅದರ ಮೇಲೆ ವಿವರಣೆ ಬೇಕಿಲ್ಲ ಎಂಬಂತೆ ನಕ್ಕು, ಕೈ ಎತ್ತಿ ನಿಲ್ದಾಣದ ದಿಕ್ಕು ತೋರಿಸಿ ಹೊರಟುಹೋದರು.

ನನಗೆ ಸಿಟ್ಟು ಬಂತು. ಹಸಿವು ಇತ್ತು, ನಿದ್ದೆಗೆಟ್ಟಿತ್ತು. ಜಗತ್ತಿನ ಮೂಲೆ ಮೂಲೆಯಿಂದ ಪ್ರವಾಸಿಗಳು ಬರುವ ಇಂಥ ನಗರದಲ್ಲಿ ಒಂದು ಲೋಟ ಮೊಸರು ಕೊಳ್ಳಲಾಗುವುದಿಲ್ಲ ಎಂದರೆ ಏನು ವ್ಯವಸ್ಥೆ ಇದು? ಬರಿಗೈಯಲ್ಲಿ ಮೇಲೆ ಹೋದಾಗ ಹೆಂಡತಿ ಇನ್ನೊಂದು ಚಿಂತೆಯಲ್ಲಿದ್ದಳು. ಕುಡಿಯಲು ಬಾಟಲಿ ನೀರೂ ಸಿಗದಲ್ಲ! ಮನೆಯವರು ಮೇಜಿನ ಮೇಲೆ ಬರೆದಿಟ್ಟ ಹಾಳೆಯಲ್ಲಿ ನಲ್ಲಿಯ ನೀರು ಕುಡಿಯಿರಿ, ಇದು ಪರ್ವತದ ಒರತೆಯ ನೀರು ಎಂದಿತ್ತು. ಅದು ನಿಜ. 1873ರಲ್ಲಿ ಮೊದಲನೆಯ ಕೊಳವೆ ದಾರಿಯನ್ನೂ 1910ರಲ್ಲಿ ಎರಡನೆಯದನ್ನೂ ಹಾಕಿ ಆಲ್ಪ್ಸ್ ಬೆಟ್ಟಗಳ ಒರತೆಯಿಂದ ಈ ನಗರ ನೀರು ತರಿಸಿಕೊಂಡಿದೆ. ಅವಳು ಲೋಟಕ್ಕೆ ಹಿಡಿದು ಬೆಳಕಿಗೆ ಎತ್ತಿ ನೋಡಿ, ಒಂದು ಗುಟುಕು ಕುಡಿದು, "ನಮ್ಮೂರ ಬಾವಿಯ ನೀರಿನ ರುಚಿ ಇದೆ" ಎಂದಳು. ಅಷ್ಟರ ಮಟ್ಟಿಗೆ ಸಮಾಧಾನ.

ಇಬ್ಬರೂ ಸೇರಿ ನಿಲ್ದಾಣಕ್ಕೆ ಮರಳಿದೆವು. ಕಾನೂನಿನಲ್ಲಿ ರೈಲು ನಿಲ್ದಾಣಗಳಿಗೂ ವಿಮಾನ ನಿಲ್ದಾಣಕ್ಕೂ ವಿನಾಯಿತಿ ಇದೆಯಂತೆ. ಪ್ರಯಾಣಿಕರಿಗೆ ಬೇಕಾದದ್ದನ್ನು ಅಲ್ಲಿ ಭಾನುವಾರವೂ ಮಾರಬಹುದು. ಆ ಒಂದು ಅಂಗಡಿಯ ಮುಂದೆ ಜಾತ್ರೆಯಲ್ಲಿ ಪ್ರಸಾದಕ್ಕೆ ನಿಂತಂತೆ ಸಾಲು ಇತ್ತು. ಬಾಗಿಲಲ್ಲಿ ಕಾವಲುಗಾರ ನಿಂತು ಹತ್ತು ಜನ ಹೊರಗೆ ಬಂದ ಮೇಲೆ ಹತ್ತು ಜನರನ್ನು ಒಳಗೆ ಬಿಡುತ್ತಿದ್ದ. ನಲವತ್ತು ನಿಮಿಷ ನಿಂತು ಮೊಸರು, ಹಾಲು, ಉಳ್ಳಾಗಡ್ಡಿ ತಂದೆವು. ಉಪ್ಪಿಟ್ಟು ತಿಂದು, ರೊಟ್ಟಿಗೆ ಮೊಸರು ಚಟ್ನಿ ಹಚ್ಚಿಕೊಂಡು ತಿಂದು, ಮಲಗಿ ಎದ್ದಾಗ ಮೂರು ಗಂಟೆ.

ಅಲ್ಲಿಯವರೆಗೆ ನನ್ನ ತೀರ್ಪು ಸ್ಪಷ್ಟವಾಗಿತ್ತು. ಅದು ತಿರುಗಿದ್ದು ಸಂಜೆ, ಪ್ರಾಟರ್‌ನಲ್ಲಿ.

ಪ್ರಾಟರ್ ಎಂಬುದು ಒಂದು ಕಾಲಕ್ಕೆ ಚಕ್ರವರ್ತಿಗಳು ಬೇಟೆಯಾಡುತ್ತಿದ್ದ ಕಾಡು. 1766ರಲ್ಲಿ ಎರಡನೆಯ ಯೋಸೆಫ್ ಅದನ್ನು ಎಲ್ಲ ಜನರಿಗೂ ತೆರೆದುಕೊಟ್ಟ. ಅದರ ನಡುವೆ ಹಾಪ್ಟಾಲೆ ಎಂಬ ನೇರ ದಾರಿ ಇದೆ, ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದ, ಎರಡೂ ಬದಿಗೆ ಚೆಸ್ಟ್‌ನಟ್ ಮರಗಳು. ಒಂದು ತುದಿಯ ಹತ್ತಿರ 1897ರಲ್ಲಿ ಕಟ್ಟಿದ ದೊಡ್ಡ ತೊಟ್ಟಿಲ ಚಕ್ರ ಇಂದಿಗೂ ನಿಧಾನವಾಗಿ ತಿರುಗುತ್ತದೆ. ನಾವು ಚಕ್ರ ಹತ್ತಲಿಲ್ಲ. ಮರಗಳ ಕೆಳಗೆ ನಡೆದೆವು.

ಆ ದಾರಿಯ ತುಂಬ ಜನ. ಯಾರ ಕೈಯಲ್ಲೂ ಅಂಗಡಿಯ ಚೀಲವಿಲ್ಲ. ಓಡುವವರು ಓಡುತ್ತಿದ್ದರು, ಹುಲ್ಲಿನ ಮೇಲೆ ಹಚ್ಚಡ ಹಾಸಿ ಮಲಗಿದವರು ಮಲಗಿದ್ದರು. ನನ್ನ ಕಣ್ಣು ಹೋದದ್ದು ಅಪ್ಪಂದಿರ ಮೇಲೆ. ಒಬ್ಬ ಮಗಳಿಗೆ ಸೈಕಲ್ ಕಲಿಸುತ್ತಿದ್ದ, ಸೀಟಿನ ಹಿಂದೆ ಕೈ ಇಟ್ಟು ಬಗ್ಗಿ ಓಡುತ್ತಿದ್ದ. ಇನ್ನೊಬ್ಬ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಏನೋ ಕಥೆ ಹೇಳುತ್ತಿದ್ದ. ಅವರ ಬಟ್ಟೆಬರೆ ನೋಡಿದರೆ ದೊಡ್ಡ ಸಾಹುಕಾರರಂತೆ ಕಾಣಲಿಲ್ಲ. ಅಂಗಡಿಯಲ್ಲಿ ಕೆಲಸ ಮಾಡುವವರೂ ಅವರಲ್ಲಿ ಇದ್ದಿರಬೇಕು. ನನಗೆ ಮೊಸರು ಕೊಡದೆ ಬಾಗಿಲು ಹಾಕಿಕೊಂಡಿದ್ದ ಮೂಲೆಯ ಅಂಗಡಿಯವನೇ ಆ ಸೈಕಲ್ಲಿನ ಹಿಂದೆ ಓಡುತ್ತಿದ್ದಾನೆ ಎಂದು ನನಗೆ ಯಾಕೋ ಅನ್ನಿಸಿತು. ಆ ಕ್ಷಣದಿಂದ ನನ್ನ ಸಿಟ್ಟಿಗೆ ಬೇರೆ ವಿಳಾಸ ಸಿಕ್ಕಿತು.

ನಾನು ಕಿರಾಣಿ ಅಂಗಡಿಯವರ ಮಗ. ರಾಣೆಬೆನ್ನೂರಿನಲ್ಲಿ ನಮ್ಮದು ಹಲಗೆ ಬಾಗಿಲಿನ ಅಂಗಡಿ. ಬೆಳಿಗ್ಗೆ ಆರಕ್ಕೆ ಒಂದೊಂದೇ ಹಲಗೆ ಸರಿಸಿ, ತಕ್ಕಡಿಗೆ ಊದುಬತ್ತಿ ಬೆಳಗಿ ಅಪ್ಪ ಗಲ್ಲಾದ ಹಿಂದೆ ಕುಳಿತರೆ ಏಳುತ್ತಿದ್ದದ್ದು ರಾತ್ರಿ ಹತ್ತಕ್ಕೆ. ಮುಚ್ಚು ಎಂಬ ಶಬ್ದವನ್ನು ಅಪ್ಪ ಬಾಯಿಗೆ ತಂದವರಲ್ಲ. "ಬಾಗಿಲು ಮುಂದೆ ಮಾಡು" ಎನ್ನುತ್ತಿದ್ದರು. ಊಟ ಮನೆಯಿಂದ ಡಬ್ಬಿಯಲ್ಲಿ ಬರುತ್ತಿತ್ತು. ತುತ್ತು ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಯಾರಾದರೂ ಬಂದು ನಾಲ್ಕಾಣೆಯ ಜೀರಿಗೆ ಕೇಳುತ್ತಿದ್ದರು. ಅಪ್ಪ ಎಡಗೈಯಲ್ಲಿ ಪೊಟ್ಟಣ ಕಟ್ಟುವುದನ್ನು ಕಲಿತದ್ದೇ ಅದಕ್ಕಾಗಿ. ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ನಾವೆಲ್ಲ ಅಜ್ಜನ ಹೊಲಕ್ಕೆ ಹೋಗುತ್ತಿದ್ದೆವು. ಅಪ್ಪ ಬರುತ್ತಿರಲಿಲ್ಲ. ಅವ್ವ ಅವರ ಪಾಲಿನ ಬುತ್ತಿಯನ್ನು ಬೇರೆ ಕಟ್ಟಿಟ್ಟು ಅಂಗಡಿಗೆ ಕಳಿಸಿ ಬಂಡಿ ಹತ್ತುತ್ತಿದ್ದಳು. ನನಗೆ ಸೈಕಲ್ ಕಲಿಸಿದವರು ಪಕ್ಕದ ಮನೆಯ ಕಾಕಾ.

ಆ ಬಂಡಿಗೆ ಕಟ್ಟುತ್ತಿದ್ದ ಎತ್ತುಗಳ ಮಾತು ಬೇರೆ. ಅಜ್ಜ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಎಂಥ ಹದ ಬಂದಿರಲಿ, ಬಿತ್ತನೆ ಎಷ್ಟೇ ಉಳಿದಿರಲಿ, ಸೋಮವಾರ ಬಸವಣ್ಣನ ದಿನ. ಅಜ್ಜ ಒಬ್ಬರೇ ಅಲ್ಲ, ಇಡೀ ಊರಿನಲ್ಲಿ ಯಾರೂ ಕಟ್ಟುತ್ತಿರಲಿಲ್ಲ. ಅಕಸ್ಮಾತ್ ಯಾರಾದರೂ ಕಟ್ಟಿದರೆ ಊರವರು ಅವನ ಮುಖ ನೋಡುತ್ತಿರಲಿಲ್ಲ. ಪ್ರಾಟರ್‌ನ ಬೆಂಚಿನ ಮೇಲೆ ಕುಳಿತಾಗ ಇದು ನೆನಪಾಗಿ ನನಗೆ ಎದೆ ಹಿಂಡಿದಂತಾಯಿತು. ಎತ್ತಿಗೆ ವಾರಕ್ಕೊಂದು ದಿನ ಕೊಟ್ಟ ಊರು ನಮ್ಮದು. ಅದೇ ಊರಿನ ಪೇಟೆಯಲ್ಲಿ ನನ್ನ ಅಪ್ಪನಿಗೆ ವರ್ಷಕ್ಕೊಂದು ದಿನವೂ ಸಿಗಲಿಲ್ಲ.

ಯುರೋಪಿನ ಭಾನುವಾರದ ಕಥೆ ಇದಕ್ಕೆ ತದ್ವಿರುದ್ಧ. ಕ್ರಿ.ಶ. 321ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರ ಬಿಡುವು ಕೊಡಬೇಕೆಂದು ಆಜ್ಞೆ ಹೊರಡಿಸಿದಾಗ, ನಗರದ ಜನರೂ ಕುಶಲಕರ್ಮಿಗಳೂ ಕೆಲಸ ನಿಲ್ಲಿಸಬೇಕು, ಆದರೆ ಹಳ್ಳಿಯಲ್ಲಿ ಬೇಸಾಯ ಮಾಡುವವರು ಹೊಲದ ಕೆಲಸ ನಡೆಸಬಹುದು ಎಂದಿದ್ದ. ಒಳ್ಳೆಯ ಹದ ತಪ್ಪಬಾರದು ಎಂಬುದು ಅವನ ಕಾರಣ. ಅಲ್ಲಿ ಪೇಟೆಗೆ ರಜೆ, ಹೊಲಕ್ಕೆ ಇಲ್ಲ. ನಮ್ಮಲ್ಲಿ ಹೊಲಕ್ಕೆ ರಜೆ, ಪೇಟೆಗೆ ಇಲ್ಲ.

ಈಗ ಆಸ್ಟ್ರಿಯಾದಲ್ಲಿ ನಡೆಯುವುದು 2003ರ ಅಂಗಡಿ ಸಮಯದ ಕಾನೂನು. ವಾರದ ದಿನಗಳಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ, ಶನಿವಾರ ಸಂಜೆ ಆರರವರೆಗೆ ಮಾತ್ರ ತೆರೆಯಬಹುದು, ಅದೂ ವಾರಕ್ಕೆ ಒಟ್ಟು 72 ಗಂಟೆ ಮೀರದಂತೆ. ಭಾನುವಾರ ತೆರೆದರೆ ಇನ್ನಷ್ಟು ಹಣ ಹರಿದುಬರುತ್ತದೆ ಎಂಬ ವಾದ ಅಲ್ಲೂ ವರ್ಷಗಳಿಂದ ಇದೆ. ಚರ್ಚುಗಳೂ ಕಾರ್ಮಿಕ ಸಂಘಗಳೂ ಒಂದೇ ಬದಿಗೆ ನಿಂತು ಅದನ್ನು ತಡೆಯುತ್ತ ಬಂದಿವೆ. ಬೇರೆ ವಿಷಯಗಳಲ್ಲಿ ಮುಖ ತಿರುಗಿಸಿಕೊಳ್ಳುವ ಎರಡು ಪಂಗಡಗಳು ಈ ಒಂದು ದಿನಕ್ಕಾಗಿ ಜೊತೆಯಾಗುವುದು ನನಗೆ ದೊಡ್ಡ ಮಾತಾಗಿ ಕಂಡಿತು.

ನಮ್ಮಲ್ಲಿ ಕಾನೂನು ಇಲ್ಲವೇ? ಇದೆ. 1890ರಲ್ಲೇ ಮುಂಬೈಯ ಗಿರಣಿ ಕೆಲಸಗಾರರಿಗೆ ನಾರಾಯಣ ಮೇಘಾಜಿ ಲೋಖಂಡೆಯವರು ಹೋರಾಡಿ ಭಾನುವಾರದ ರಜೆ ಕೊಡಿಸಿದರು. ಕರ್ನಾಟಕದ ಅಂಗಡಿಗಳ ಕಾಯ್ದೆ 1961ರದು. ಕೆಲಸದವರಿಗೆ ವಾರಕ್ಕೊಂದು ಪೂರ್ತಿ ದಿನ ರಜೆ ಕೊಡಬೇಕು ಎಂದು ಅದರಲ್ಲಿ ಬರೆದಿದೆ. 2021ರ ಜನವರಿಯಲ್ಲಿ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳು ವರ್ಷದ ಎಲ್ಲ ದಿನ, ದಿನದ 24 ಗಂಟೆ ತೆರೆಯಬಹುದು ಎಂದು ರಾಜ್ಯ ಸರ್ಕಾರ ಅನುಮತಿ ಕೊಟ್ಟಿತು. ಆಗಲೂ ಕೆಲಸದವರಿಗೆ ಸರದಿಯಲ್ಲಿ ವಾರದ ರಜೆ ಸಿಗಬೇಕೆಂದು ಷರತ್ತು ಇತ್ತು. ಸರದಿಯ ರಜೆ ಎಂದರೆ ಏನೆಂದು ಅಂಗಡಿಯವರ ಮನೆಯಲ್ಲಿ ಬೆಳೆದವನಿಗೆ ಹೇಳಿಕೊಡಬೇಕಿಲ್ಲ. ಅಪ್ಪನಿಗೆ ಬುಧವಾರ ಬಿಡುವು, ಅವ್ವನಿಗೆ ಶುಕ್ರವಾರ, ಮಕ್ಕಳಿಗೆ ಭಾನುವಾರ. ಮೂವರಿಗೂ ರಜೆ ಸಿಕ್ಕಿತು, ಮನೆಗೆ ಸಿಗಲಿಲ್ಲ. ಇನ್ನು ಗಂಡ ಹೆಂಡತಿ ಇಬ್ಬರೇ ನಡೆಸುವ ಸಣ್ಣ ಅಂಗಡಿಯಲ್ಲಿ ಸರದಿ ಯಾರ ಜೊತೆ?

ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಹತ್ತು ನಿಮಿಷಕ್ಕೆ ಕೊತ್ತಂಬರಿ ಬಂತು ಎಂದು ಹೆಮ್ಮೆಯಿಂದ ಹೇಳುತ್ತಾನೆ. ಮಧ್ಯರಾತ್ರಿ ಐಸ್‌ಕ್ರೀಮ್ ತರಿಸುತ್ತಾನೆ. ಒಳ್ಳೆಯ ಹುಡುಗ, ಓದಿದವನು, ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸುವವನಲ್ಲ. ಆದರೆ ಮಳೆಯಲ್ಲಿ ನೆನೆದು ಬಂದು ಬಾಗಿಲಲ್ಲಿ ಪೊಟ್ಟಣ ಕೊಟ್ಟು ಓಡುವವನಿಗೂ ಒಂದು ಮನೆ ಇದೆ ಎಂಬುದು ಅವನಿಗೆ ಹೊಳೆಯುವುದಿಲ್ಲ. ಬೇರೆಯವರ ದುಡಿಮೆಗೆ ಕೊನೆಯೇ ಇರಬಾರದು ಎಂಬುದನ್ನು ನಾವು ಅನುಕೂಲ ಎಂದು ಕರೆಯಲು ಕಲಿತಿದ್ದೇವೆ, ಅದನ್ನು ಪ್ರಗತಿಯ ಲೆಕ್ಕಕ್ಕೂ ಸೇರಿಸಿದ್ದೇವೆ. ಊರಿಗೆ ಹೋದಾಗಲೆಲ್ಲ ಈ ಮಾತು ಕೇಳಿ ನನಗೆ ರೇಗುತ್ತದೆ. ಹತ್ತು ನಿಮಿಷ ಕಾಯಲಾಗದಷ್ಟು ಅವಸರದ ಕೊತ್ತಂಬರಿ ಯಾವುದು?

ಇಷ್ಟೆಲ್ಲ ಹೇಳುವ ನಾನೂ ಬೆಳಿಗ್ಗೆ ಮೊಸರಿಗಾಗಿ ಆ ಊರನ್ನು ಶಪಿಸಿದ್ದೆ. ಬೆಂಚಿನ ಮೇಲೆ ಕುಳಿತು ಹೆಂಡತಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವನವರು ಒಮ್ಮೆ ರಜೆ ಮಾಡಿ ನೋಡಿದ್ದರಂತಲ್ಲ, ಅತ್ತೆ ಹೇಳಿದ್ದರು" ಎಂದಳು.

ಹೌದು, ಮಾಡಿದ್ದರು. ನಾನು ಏಳನೆಯ ತರಗತಿಯಲ್ಲಿದ್ದೆ. ಅವ್ವನ ಒತ್ತಾಯವೋ, ಅಪ್ಪನ ಮೈಯಲ್ಲಿ ಆರದ ದಣಿವೋ, ಒಂದು ದಿನ ಪೇಂಟರ್ ಹತ್ತಿರ ಹಲಗೆ ಬರೆಸಿಕೊಂಡು ಬಂದರು. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ: "ಪ್ರತಿ ಭಾನುವಾರ ಮಧ್ಯಾಹ್ನ ಎರಡರ ನಂತರ ಅಂಗಡಿಗೆ ರಜೆ." ಮೊದಲ ಭಾನುವಾರ ನಾವೆಲ್ಲ ಬಸ್ಸು ಹತ್ತಿ ಹರಿಹರಕ್ಕೆ ಹೋದೆವು. ತುಂಗಭದ್ರೆಯಲ್ಲಿ ಕಾಲು ತೊಳೆದು ಹರಿಹರೇಶ್ವರನ ಗುಡಿಗೆ ಬಂದೆವು. ಅಪ್ಪ ಕೈಮುಗಿದು ಪ್ರದಕ್ಷಿಣೆ ಹಾಕಿ ಒಂದು ಕಂಬಕ್ಕೆ ಒರಗಿ ಕುಳಿತವರು ಹಾಗೆಯೇ ನಿದ್ದೆ ಹೋದರು. ನಾವು ಎಬ್ಬಿಸಲು ಹೋದಾಗ ಅವ್ವ ತಡೆದಳು. ಬೆಳಕಿನಲ್ಲಿ ಅಪ್ಪ ಮಲಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಬಾಯಿ ಸ್ವಲ್ಪ ತೆರೆದಿತ್ತು. ಕೈಬೆರಳುಗಳು ನಿದ್ದೆಯಲ್ಲೂ ಸುತಳಿ ಸುತ್ತುವಂತೆ ಆಗಾಗ ಅಲುಗುತ್ತಿದ್ದವು.

ಇನ್ನೆರಡು ಭಾನುವಾರ ಹಾಗೆ ನಡೆಯಿತು. ನಾಲ್ಕನೆಯ ವಾರ ತಿಂಗಳ ಚೀಟಿಯ ಗಿರಾಕಿಗಳು ಇಬ್ಬರು ಎದುರಂಗಡಿಯಲ್ಲಿ ಸಾಮಾನು ಕಟ್ಟಿಸುವುದು ಕಂಡಿತು. ಭಾನುವಾರ ಸಂಜೆ ಅಲ್ಲಿ ತೆಗೆದುಕೊಂಡವರು ಸೋಮವಾರವೂ ಅಲ್ಲಿಗೇ ಹೋದರು. ಎದುರಂಗಡಿಯವರು ಕೆಟ್ಟವರೇನಲ್ಲ. ಹಬ್ಬಕ್ಕೆ ನಮ್ಮ ಮನೆಗೆ ಹೋಳಿಗೆ ಕೊಡುತ್ತಿದ್ದರು. ಅಪ್ಪ ಅವರ ಹತ್ತಿರ ಹೋಗಿ, ನೀವೂ ಬಾಗಿಲು ಹಾಕಿರಿ, ಇಬ್ಬರೂ ಉಳಿಯುತ್ತೇವೆ ಎಂದು ಕೇಳಿದರಂತೆ. "ನಾವಿಬ್ಬರೂ ಹಾಕಿದರೆ ಮುಂದಿನ ಓಣಿಯವನು ತೆರೆದಿರುತ್ತಾನಲ್ಲ" ಎಂದರಂತೆ ಅವರು. ಐದನೆಯ ಭಾನುವಾರ ಹಲಗೆ ಕೆಳಗಿಳಿಯಿತು.

ವಿಯೆನ್ನಾದಲ್ಲಿ ನಾನು ಕಂಡದ್ದು ಆ ಮಾತಿಗೆ ಉತ್ತರ. ಮುಂದಿನ ಓಣಿಯವನೂ ಅಲ್ಲಿ ಬಾಗಿಲು ಹಾಕಿರುತ್ತಾನೆ, ಅದರ ಮುಂದಿನವನೂ ಹಾಕಿರುತ್ತಾನೆ. ಗಿರಾಕಿ ಕೈತಪ್ಪುವ ಭಯವಿಲ್ಲದೆ ಅವನು ಮಗಳ ಸೈಕಲ್ಲಿನ ಹಿಂದೆ ಓಡಬಹುದು. ಅವನು ನಮ್ಮ ಅಪ್ಪನಿಗಿಂತ ಮಕ್ಕಳನ್ನು ಹೆಚ್ಚು ಪ್ರೀತಿಸುತ್ತಾನೆ ಎಂದೇನೂ ಅಲ್ಲ, ಅವನ ಬೆನ್ನಿಗೆ ಊರೆಲ್ಲ ಸೇರಿ ಮಾಡಿಕೊಂಡ ಒಂದು ಕಟ್ಟು ಇದೆ. ಇದು ನಮಗೆ ಆಗದ ಕೆಲಸ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಂಗಳವಾರ ನಮ್ಮ ಊರಲ್ಲಿ ಕ್ಷೌರ ಮಾಡಿಸಲು ಹೋಗಿ ನೋಡಿ. ಒಂದು ಅಂಗಡಿಯೂ ತೆರೆದಿರುವುದಿಲ್ಲ. ಯಾರ ಗಿರಾಕಿಯೂ ಯಾರ ಕಡೆಗೂ ಓಡಿಹೋಗಿಲ್ಲ, ಯಾರ ತಲೆಗೂದಲೂ ಆ ಕಾರಣಕ್ಕೆ ಜಡೆಗಟ್ಟಿಲ್ಲ. ಬುಧವಾರ ಎಲ್ಲರೂ ಹೋಗಿ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಸೋಮವಾರ ಎತ್ತಿಗೆ, ಮಂಗಳವಾರ ಕ್ಷೌರಿಕರಿಗೆ ಸಾಧ್ಯವಾದದ್ದು ಕಿರಾಣಿ ಅಂಗಡಿಗೆ ಮಾತ್ರ ಯಾಕೆ ಸಾಧ್ಯವಾಗಬಾರದು?

ಕತ್ತಲಾಗುವ ಮುನ್ನ ಯು1 ಮೆಟ್ರೋ ಹಿಡಿದು ಸ್ಟೆಫಾನ್ಸ್‌ಪ್ಲಾಟ್ಸ್‌ಗೆ ಹೋದೆವು. 136 ಮೀಟರ್ ಎತ್ತರದ ಗೋಪುರದ ಆ ಹಳೆಯ ಚರ್ಚನ್ನು ಕತ್ತು ನೋಯುವವರೆಗೆ ನೋಡಿದೆವು. ಅಲ್ಲಿಂದ ಹೊರಡುವ ಕೆರ್ಟ್ನರ್ ಬೀದಿಯ ಅಂಗಡಿಗಳ ಗಾಜಿನೊಳಗೆ ದೀಪ ಹಚ್ಚಿತ್ತು, ಬಾಗಿಲುಗಳಿಗೆ ಬೀಗ. ಹೆಂಡತಿ ಒಂದು ಕಿಟಕಿಯ ಮುಂದೆ ನಿಂತು ಕೈಚೀಲವೊಂದನ್ನು ಬಹಳ ಹೊತ್ತು ನೋಡಿದಳು. "ನಾಳೆ ಬಂದು ಕೊಳ್ಳೋಣವೇ?" ಎಂದೆ. "ನಾಳೆ ಬೇಡವೆನ್ನಿಸಬಹುದು" ಎಂದಳು. ಕಾಫಿ ಮನೆಗಳು ಮಾತ್ರ ತೆರೆದಿದ್ದವು. ಒಂದರಲ್ಲಿ ಮೆಲಾಂಜ್ ಕುಡಿದೆವು. ಕಾಫಿಯ ಜೊತೆಗೆ ಕೇಳದೆಯೇ ಒಂದು ಲೋಟ ನೀರು ಬಂತು. ಎಷ್ಟು ಹೊತ್ತು ಕುಳಿತರೂ ಏಳಿ ಎನ್ನಲಿಲ್ಲ.

ನಮಗೆ ಕಾಫಿ ತಂದುಕೊಟ್ಟವರಿಗೆ ಸುಮಾರು ಅರವತ್ತು ವರ್ಷ. ಅವರಿಗೆ ಅಂದು ಭಾನುವಾರ ಅಲ್ಲವೇ? ಮೆಟ್ರೋ ಓಡಿಸಿದವನಿಗೆ? ಬೆಳಿಗ್ಗೆ ನಿಲ್ದಾಣದ ಅಂಗಡಿಯಲ್ಲಿ ಗಲ್ಲಾದ ಹಿಂದೆ ಕುಳಿತಿದ್ದ ಹುಡುಗಿಗೆ? ಆ ಹುಡುಗಿ ತಲೆ ಎತ್ತದೆ ಒಂದರ ಮೇಲೊಂದು ಸಾಮಾನು ಸರಿಸುತ್ತಿದ್ದಳು. ಊರೆಲ್ಲ ಬಾಗಿಲು ಹಾಕಿದ ಭಾರ ಅವಳೊಬ್ಬಳ ಕೈಮೇಲೆ ಬಿದ್ದಿತ್ತು. ನಾನು ನಲವತ್ತು ನಿಮಿಷ ಸಾಲಿನಲ್ಲಿ ನಿಂತದ್ದನ್ನೇ ದೊಡ್ಡದು ಮಾಡಿಕೊಂಡೆ, ಅವಳು ಆ ಸಾಲಿನ ಇನ್ನೊಂದು ತುದಿಯಲ್ಲಿ ಇಡೀ ದಿನ ಕುಳಿತಿದ್ದಳು. ಇದನ್ನು ಹೇಳದೆ ವಿಯೆನ್ನಾವನ್ನು ಹೊಗಳುವುದು ಸರಿಯಲ್ಲ.

ಇನ್ನೊಂದನ್ನೂ ಹೇಳಬೇಕು, ಹೇಳಲು ಮನಸ್ಸಿಲ್ಲದಿದ್ದರೂ. ಬೆಳಿಗ್ಗೆ ದಾರಿ ತೋರಿಸಿದ ಆ ಅಜ್ಜಿ ಸಂಜೆ ನಾವು ಮರಳಿದಾಗ ಮನೆಯ ಮುಂದಿನ ಬೆಂಚಿನ ಮೇಲೆ ನಾಯಿಯ ಜೊತೆ ಒಬ್ಬರೇ ಕುಳಿತಿದ್ದರು. ನಾಯಿಯ ಹತ್ತಿರ ಏನೋ ಮಾತನಾಡುತ್ತಿದ್ದರು. ನಮ್ಮನ್ನು ನೋಡಿ, ಮೊಸರು ಸಿಕ್ಕಿತೇ ಎಂದು ಕೇಳುವಂತೆ ಚೀಲದ ಸನ್ನೆ ಮಾಡಿ ನಕ್ಕರು. ಅಂದು ಅವರು ಮಾತನಾಡಿಸಿದ ಮನುಷ್ಯರು ನಾವಿಬ್ಬರೇ ಇರಬಹುದು ಎಂದು ಹೆಂಡತಿ ಹೇಳಿದಳು. ನಮ್ಮ ಅಂಗಡಿಯ ಕಟ್ಟೆಯ ಮೇಲೆ ಇಂಥವರು ದಿನವೂ ಬಂದು ಕೂರುತ್ತಿದ್ದರು. ಎರಡು ಎಲೆ ಅಡಿಕೆ ಕೊಳ್ಳುವ ನೆಪ, ಊರ ಸುದ್ದಿಯೆಲ್ಲ ಮಾತು. ಮಗ ದೂರವಿದ್ದ ಒಬ್ಬ ಮುದುಕಿ ಅವನ ಕಾಗದವನ್ನು ಅಪ್ಪನಿಂದಲೇ ಓದಿಸಿಕೊಳ್ಳುತ್ತಿದ್ದಳು. ಒಮ್ಮೆ ರಾತ್ರಿ ಹನ್ನೆರಡರ ಮೇಲೆ ಓಣಿಯವರೊಬ್ಬರು ಬಾಗಿಲು ಬಡಿದು, ಮಗು ವಾಂತಿ ಭೇದಿಯಿಂದ ಸುಸ್ತಾಗಿದೆ, ಡಾಕ್ಟರು ಸಕ್ಕರೆ ಉಪ್ಪಿನ ನೀರು ಕುಡಿಸಲು ಹೇಳಿದ್ದಾರೆ, ಮನೆಯಲ್ಲಿ ಸಕ್ಕರೆ ಇಲ್ಲ ಎಂದರು. ಅಪ್ಪ ಲುಂಗಿಯಲ್ಲೇ ಹೋಗಿ ಹಲಗೆ ಸರಿಸಿ ಸಕ್ಕರೆ ಕೊಟ್ಟರು. ಉದ್ರಿ ಪುಸ್ತಕದಲ್ಲಿ ಬರೆಯಲೂ ಇಲ್ಲ. ಆ ಮಗು ಈಗ ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿದ್ದಾನೆ, ಊರಿಗೆ ಬಂದಾಗ ಅಪ್ಪನ ಕಾಲಿಗೆ ಬೀಳುತ್ತಾನೆ. ಬೀಗ ಹಾಕಿದ ಗಾಜಿನ ಬಾಗಿಲ ಮುಂದೆ ಅಂಥ ರಾತ್ರಿ ಏನು ಮಾಡುವುದು, ನನಗೆ ತಿಳಿಯದು. ಕೂಲಿಯ ಹಣ ಭಾನುವಾರವೇ ಕೈಗೆ ಬರುವವರು ಅಂದು ಸಾಮಾನು ಎಲ್ಲಿ ಕೊಳ್ಳಬೇಕು ಎಂಬುದಕ್ಕೂ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಆದರೂ ಅರ್ಧ ದಿನ, ಎಲ್ಲರೂ ಒಟ್ಟಿಗೆ, ಎಂಬ ಆಸೆಯನ್ನು ನಾನು ಬಿಡಲಾರೆ.

ಇದಕ್ಕೂ ಮೊದಲು, ಪ್ರಾಟರ್‌ನ ಬೆಂಚಿನಿಂದಲೇ ಊರಿಗೆ ಫೋನ್ ಮಾಡಿದ್ದೆ. ವಿಯೆನ್ನಾದಲ್ಲಿ ಐದೂವರೆ, ರಾಣೆಬೆನ್ನೂರಿನಲ್ಲಿ ರಾತ್ರಿ ಒಂಬತ್ತು. ಅಂಗಡಿ ಈಗ ದೊಡ್ಡಣ್ಣನದು. ಹಲಗೆ ಹೋಗಿ ಶಟರ್ ಬಂದಿದೆ. ಅಪ್ಪನಿಗೆ ಎಂಬತ್ತೆರಡು. ಮನೆಯಲ್ಲಿ ಕೂರುವುದಿಲ್ಲ, ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ. ಅಣ್ಣ ಫೋನನ್ನು ಅಪ್ಪನ ಕಿವಿಗೆ ಕೊಟ್ಟ. ಊರು ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ, ಆದರೆ ಇವತ್ತು ಎಲ್ಲ ಅಂಗಡಿಗಳೂ ಬಾಗಿಲು ಹಾಕಿವೆ ಎಂದೆ.

"ಯಾರು ತೀರಿಕೊಂಡರು?" ಎಂದರು ಅಪ್ಪ, ದನಿ ತಗ್ಗಿಸಿ.

ಯಾರೂ ಇಲ್ಲ, ಇಲ್ಲಿ ಪ್ರತಿ ಭಾನುವಾರವೂ ಹೀಗೆಯೇ, ಕಾನೂನೇ ಹಾಗಿದೆ ಎಂದು ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಹಿಂದೆ ಯಾರೋ ಅರ್ಧ ಕಿಲೋ ಪುಟಾಣಿ ಕೇಳುವುದು, ಅಣ್ಣ ಕಾಗದ ಹರಿಯುವುದು ಕೇಳಿಸಿತು.

"ಎದುರಂಗಡಿಯವರೂ ಹಾಕುತ್ತಾರೇನು?" ಎಂದು ಕೇಳಿದರು.

"ಹಾಕುತ್ತಾರೆ ಅಪ್ಪಾ."

"ಮುಂದಿನ ಓಣಿಯವರು?"

"ಅವರೂ ಹಾಕುತ್ತಾರೆ."

ಫೋನ್ ಮತ್ತೆ ಅಣ್ಣನ ಕೈಗೆ ಬಂತು. ಅಪ್ಪ ಬರೆಸಿದ್ದ ಆ ಹಳದಿ ಹಲಗೆ ಇದೆಯೇ, ಯಾವಾಗಲೋ ಒಲೆಗೆ ಹೋಯಿತೇ ಎಂದು ಕೇಳಿದೆ. ಒಳಗೋಣೆಯಲ್ಲಿ ಇದೆ ಎಂದ ಅಣ್ಣ. ನೆಲದ ತಂಪು ಬಡಿಯದಂತೆ ಅದರ ಮೇಲೆ ಬೆಲ್ಲದ ಪೆಂಟೆಗಳನ್ನು ಜೋಡಿಸಿಟ್ಟಿದ್ದಾರಂತೆ. ಅಕ್ಷರ ಇನ್ನೂ ಓದಲು ಬರುತ್ತದಂತೆ.